ಅದೇ ಚಮಚದ ಉಪ್ಪು

ನವೆಂಬರ್ 11, 2024, ಸೋಮವಾರ

ಮಾವನವರನ್ನು ಇವತ್ತು ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಹರಪನಹಳ್ಳಿ ಮುಟ್ಟುವವರೆಗೂ ಕಾರಿನಲ್ಲಿ ಅವರದು ಒಂದೇ ರಾಗ. ರಸ್ತೆ ತುಂಬ ಮೆಕ್ಕೆಜೋಳ ಒಣಹಾಕಿದ್ದಾರೆ, ಹೇಳೋರಿಲ್ಲ ಕೇಳೋರಿಲ್ಲ. ಎದೆಯ ಪಂಪು ಸೋತಿದೆ ಎಂದು ಡಾಕ್ಟರ ಬಾಯಲ್ಲಿ ಕೇಳಿ ಬಂದ ಮನುಷ್ಯನಿಗೆ ಊರವರ ಜೋಳದ ಚಿಂತೆ.

ಡಾಕ್ಟರು ಹೇಳಿದ್ದು ಎರಡೇ ಮಾತು. ನೀರು ಅಳತೆಯಲ್ಲಿರಬೇಕು, ಅಡುಗೆಯ ಉಪ್ಪು ದಿನಕ್ಕೆ ಮೂರು ಗ್ರಾಂ ದಾಟಬಾರದು. ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನ ಭಾರವನ್ನು ಸೋತ ಹೃದಯ ಎತ್ತಲಾರದು. ಅದಕ್ಕೇ ದಿನಾ ಬೆಳಿಗ್ಗೆ ತೂಕ ನೋಡಬೇಕು. ತೂಕ ದಿಢೀರನೆ ಏರಿದರೆ ಅದು ಅನ್ನದ್ದಲ್ಲ, ನೀರಿನದು. "ಮನೇಲಿ ಇದನ್ನೆಲ್ಲ ಯಾರು ನೋಡ್ಕೋತೀರಾ?" ಎಂದು ಕೇಳಿದಾಗ ನಮ್ಮ ಯಜಮಾನರು ನನ್ನ ಕಡೆ ಕೈ ತೋರಿಸಿದರು. "ಈಕಿ ಹೈಸ್ಕೂಲಿನಾಗ ಸೈನ್ಸ್ ಟೀಚರ್ ಅದಾಳ್ರಿ ಸರ್." ಡಾಕ್ಟರ ಮುಖದಲ್ಲಿ ಸಮಾಧಾನ ಕಂಡಿತು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದವಳೇ ತುಪ್ಪದ ಡಬ್ಬಿಯ ಚಿಕ್ಕ ಚಮಚ, ಒಂದು ಪೊಟ್ಟಣ ಹರಳುಪ್ಪು ತೆಗೆದುಕೊಂಡು ಶಾಲೆಗೆ ಹೋದೆ. ಪ್ರಯೋಗಾಲಯದ ತಕ್ಕಡಿಯಲ್ಲಿ ಆ ಚಮಚದಷ್ಟು ಉಪ್ಪು ಸಮ ಮಾಡಿ ತೂಗಿದರೆ ಸರಿಯಾಗಿ ಮೂರು ಗ್ರಾಂ. ಎರಡೆರಡು ಸಲ ತೂಗಿ ನೋಡಿದೆ. ಇನ್ನು ಬೆಳಿಗ್ಗೆ ಒಂದು ಚಮಚ ಬಟ್ಟಲಿಗೆ ಹಾಕಿಡುವುದು, ಅವರ ಮೂರು ಹೊತ್ತಿನ ಅಡುಗೆಗೂ ಅದರಿಂದಲೇ. ಕೈಯಂದಾಜು, ಕಣ್ಣಂದಾಜು ಯಾವುದೂ ನನ್ನ ಹತ್ತಿರ ನಡೆಯುವುದಿಲ್ಲ.

ಮೈತೂಕ ನೋಡಲು ತಂದ ಹೊಸ ತಕ್ಕಡಿಯ ಮೇಲೆ ನಿಲ್ಲಿಸಿದಾಗ ಮಾವ ಶುರು ಮಾಡಿದರು. "ಏನ್ರಿ ಮೇಡಂ, ಚಂದ್ರನ ಮ್ಯಾಲೆ ಹೋದ್ರ ಎಲ್ಲಾರ ತೂಕ ಕಡಿಮಿ ಆಗತೈತಂತಲ್ಲ. ಒಂದು ಡಬ್ಬಿ ಉಪ್ಪಿನಕಾಯಿ ಕಟ್ಟಿ ನನ್ನ ಅಲ್ಲಿಗೇ ಕಳಿಸಿಬಿಡ್ರಿ."

"ತೂಕ ಕಡಿಮಿ ಆಗತೈತ್ರಿ ಮಾವಾ, ದ್ರವ್ಯರಾಶಿ ಆಗಂಗಿಲ್ಲ. ಮೈಯಾಗಿನ ನೀರು ಅಲ್ಲೂ ಅಷ್ಟೇ ಇರತೈತಿ."

"ಹಂಗಾರ ಬ್ಯಾಡ ಬಿಡ್ರಿ" ಎಂದು ಇಳಿದರು. ಅತ್ತೆ ಕೊಟ್ರಬಸಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಇಷ್ಟು ಮಾತಾಡಿದ್ದು ಇದೇ ಮೊದಲಿರಬೇಕು. ಯೋಚಿಸಿದರೆ ಸ್ವಲ್ಪ ನಾಚಿಕೆಯಾಗುತ್ತದೆ.

ನವೆಂಬರ್ 17, ಭಾನುವಾರ

ತೂಕ ಒಂದೇ ಸಮ ನಿಂತಿದೆ. ಜಗಳ ಮಾತ್ರ ದಿನಾ. ಪಲ್ಯ ಸಪ್ಪಗೆ, ಸಾರು ಸಪ್ಪಗೆ, ಬದುಕೇ ಸಪ್ಪಗೆ ಎನ್ನುತ್ತಾರೆ. ಸಂಜೆ ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ದುರುಗಪ್ಪನ ಹೋಟೆಲಿಗೆ ಹೋಗಿ ಕೂರುವುದಕ್ಕೆ ಅನುಮತಿ ಕೇಳಿದರು. ಅಲ್ಲಿಯ ಮಿರ್ಚಿ, ಮಂಡಕ್ಕಿ ಎರಡನ್ನೂ ಬಿಟ್ಟು ಇರಲು ಆಗುತ್ತದೆಯೇ ಎಂದೆ. "ಬರೇ ಕುಂದ್ರಾಕ ಹೊಕ್ಕೀನ್ರಿ ಮೇಡಂ. ಅರ್ಧ ಕಪ್ ಚಾ, ಅಷ್ಟೇ." ಅವರಿಗೆ ಅದು ಹೋಟೆಲಲ್ಲ, ಕಚೇರಿ. ಅಣ್ಣತಮ್ಮಂದಿರ ಬದುವಿನ ಜಗಳ, ಗಂಡಹೆಂಡಿರ ಮುನಿಸು, ಎಲ್ಲ ಅಲ್ಲಿಗೇ ಬಂದು ಬಗೆಹರಿಯುತ್ತವೆ. ಮಾವನ ಬಗ್ಗೆ, ಗುರುಸಂಗಪ್ಪನ ಮಾತಿಗೆ ತೂಕ ಐತಿ ಎಂದು ಊರೆಲ್ಲ ಹೇಳುತ್ತದೆ. ಹೋಗಲಿ ಎಂದೆ.

ಇವತ್ತು ಶೇಂಗಾ ಚಟ್ನಿ ತಿನ್ನುವಾಗ ಕರಗದ ಉಪ್ಪಿನ ಹರಳೊಂದು ಅವರ ಹಲ್ಲಿಗೆ ಸಿಕ್ಕಿತು. ಕಣ್ಣು ಮುಚ್ಚಿ ಆಹಾ ಎಂದರು. ನನಗೆ ಹಿಡಿಸಲಿಲ್ಲ. ಒಂದು ತುತ್ತಿಗೆ ಇಷ್ಟು, ಇನ್ನೊಂದಕ್ಕೆ ಏನೂ ಇಲ್ಲ ಎಂದರೆ ಅದು ಎಂಥ ಅಳತೆ. ಸಂಜೆಯೇ ಪುಡಿ ಉಪ್ಪಿನ ಪ್ಯಾಕೆಟ್ ತಂದೆ. ನಮ್ಮಿಬ್ಬರ ಅಡುಗೆಗೆ ಅತ್ತೆಯ ಕಾಲದ ಗಡಿಗೆಯ ಹರಳುಪ್ಪೇ ಇರಲಿ. ಮಾವನವರಿಗೆ ನಾಳೆಯಿಂದ ಪುಡಿ, ಅದೇ ಚಮಚದಲ್ಲಿ ಅದುಮಿ ಸಮ ಮಾಡಿ ಒಂದು. ಎಲ್ಲದರಲ್ಲೂ ಒಂದೇ ಸಮ ಬೆರೆಯುತ್ತದೆ.

ನವೆಂಬರ್ 23, ಶನಿವಾರ

ತೂಕ ಏರಿದೆ. ಮೊನ್ನೆ ಅರ್ಧ ಕಿಲೋ ಹೆಚ್ಚು ಕಂಡಾಗ ತಕ್ಕಡಿಯ ತಪ್ಪಿರಬೇಕೆಂದು ನಾನೇ ಹತ್ತಿ ನೋಡಿದೆ. ನನ್ನದು ಸರಿಯಾಗಿಯೇ ತೋರಿಸಿತು, ನನ್ನ ದುರದೃಷ್ಟ. ಇವತ್ತು ಇನ್ನೂ ಒಂದು ಕಿಲೋ ಏರಿದೆ. ಮಾವನ ಪಾದದ ಮೇಲೆ ಬೆರಳು ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತದೆ.

"ಹೊರಗ ಏನರ ತಿಂದೀರೇನ್ರಿ ಮಾವಾ?"

"ಇಲ್ಲ ಯವ್ವಾ."

"ದುರುಗಪ್ಪನ ಹೋಟ್ಲಿನಾಗ?"

"ಅರ್ಧ ಕಪ್ ಚಾ. ನಿನಗ ಹೇಳೇ ಹೊಕ್ಕೀನಲ್ಲ."

ಆದರೆ ಒಂದು ವಾರದಿಂದ ಮಾವನ ನಡತೆಯೇ ಬೇರೆಯಾಗಿದೆ. ಸಪ್ಪನೆ ಊಟಕ್ಕೆ ಮುಖ ಹಿಂಡುತ್ತಿದ್ದವರು ಈಗ ತಟ್ಟೆ ಬಳಿದು ಉಣ್ಣುತ್ತಾರೆ. ಮಾತೆತ್ತಿದರೆ ಮೇಡಂ ಎನ್ನುತ್ತಿದ್ದವರ ಬಾಯಲ್ಲಿ ಬರೀ ಯವ್ವಾ. ನಿನ್ನೆ ಕನಕಾಂಬರದ ಮಾಲೆ ತಂದು ಟೇಬಲ್ಲಿನ ಮೇಲಿಟ್ಟು "ಮುಡಕೋ" ಎಂದು ಹೋದರು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಕಾಣದ ಪ್ರೀತಿ ಈಗೆಲ್ಲಿಂದ ಬಂತು? ನಾನು ದಿನಾ ಮಕ್ಕಳನ್ನು ನೋಡುವವಳು. ಟೀಚರಿಗೆ ಹೂವು ತರುವ ಹುಡುಗ ಹೋಂವರ್ಕ್ ಮಾಡಿರುವುದಿಲ್ಲ.

ಮಾಲೆಯನ್ನು ದೇವರ ಫೋಟೋಗೆ ಹಾಕಿದೆ.

ನವೆಂಬರ್ 26, ಮಂಗಳವಾರ

ಶಾಲೆ ಬಿಟ್ಟವಳೇ ದುರುಗಪ್ಪನ ಹೋಟೆಲಿಗೆ ಹೋದೆ. ಮಾವ ಇನ್ನೂ ಬಂದಿರಲಿಲ್ಲ, ಅವರ ಗೆಳೆಯರೆಲ್ಲ ಬೆಂಚು ತುಂಬ ಕೂತಿದ್ದರು.

"ದುರುಗಪ್ಪಾರ, ನಮ್ಮ ಮಾವಗ ಮಿರ್ಚಿ ಕೊಡಾಕತ್ತೀರಲ್ಲ, ಅವರ ಎದಿ ಹೆಂಗೈತಿ ಅನ್ನೋದು ಗೊತ್ತೈತೇನ್ರಿ ನಿಮಗ?"

ದುರುಗಪ್ಪ ಬಾಣಲೆಯಿಂದ ಜಾಲರಿ ಎತ್ತಿ ಪಕ್ಕಕ್ಕಿಟ್ಟ. "ನಾ ಕೊಟ್ಟಿಲ್ರಿ ಅಕ್ಕಾರ. ಅವರು ಕೇಳೂ ಇಲ್ಲ."

"ಹಂಗಾರ ತೂಕ ಸುಮ್ನ ಏರತೈತೇನ್ರಿ? ಇಲ್ಲಿ ಅಲ್ದ ಇನ್ನೆಲ್ಲಿ ಕದ್ದು ತಿಂತಾರ?"

ಕದ್ದು ಎನ್ನಬಾರದಿತ್ತು. ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಗುರುಸಂಗಪ್ಪ ಕದ್ದು ತಿನ್ನಾಕ ಹತ್ಯಾನಂತ, ಕೇಳಿದಿರೇನು" ಎಂದದ್ದು ನಾನು ಮೆಟ್ಟಿಲು ಇಳಿಯುವಾಗ ಕಿವಿಗೆ ಬಿತ್ತು. ಅವರ ಜೀವಕ್ಕಾಗಿ ತಾನೆ ನಾನು ಹೋದದ್ದು, ನನ್ನ ಮರ್ಯಾದೆಗಲ್ಲವಲ್ಲ.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು. ಮಾವ ನಡುಮನೆಯಲ್ಲಿ ನಿಂತಿದ್ದರು. ನನ್ನನ್ನು ಕಂಡವರೇ ಕೊರಳಲ್ಲಿದ್ದ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು.

"ಇದನ್ನ ಮುಟ್ಟಿ ಹೇಳ್ತೀನಿ. ನಾ ಹೊರಗ ಏನೂ ತಿಂದಿಲ್ಲ."

ಎಷ್ಟೋ ನ್ಯಾಯ ಮಾಡಿದ ಮನುಷ್ಯ, ಯಾರಿಂದಲೂ ಆಣೆ ಮಾಡಿಸಿದವರಲ್ಲ. ಬಾಯಿಮಾತು ಸಾಕು ಎನ್ನುವವರು. ಅದು ಗೊತ್ತಿದ್ದೂ ನಾನು ಹೇಳಿದೆ: "ತಕ್ಕಡಿಗಿ ಆಣಿ ತಿಳಿಯಂಗಿಲ್ರಿ ಮಾವಾ. ಅದಕ್ಕ ತೂಕ ಅಷ್ಟೇ ತಿಳಿತೈತಿ."

ಅವರು ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚಲು ಹೋದರು. ಮುಚ್ಚಳ ಕೂರಲೇ ಇಲ್ಲ, ಹಾಗೇ ಮುಷ್ಟಿಯಲ್ಲಿ ಹಿಡಿದು ಒಳಗೆ ಹೋದರು. ನಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ವಿಜ್ಞಾನ ಹೇಳುವುದೂ ಅದನ್ನೇ. ಆದರೂ ರಾತ್ರಿ ಅರ್ಧ ಊಟಕ್ಕೇ ಎದ್ದೆ.

ನವೆಂಬರ್ 29, ಶುಕ್ರವಾರ

ಮುದುಕ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಆದರೂ ತೂಕ ಇಳಿದಿಲ್ಲ. ಹಾಗಾದರೆ ಮನೆಯಲ್ಲೇ ಏನೋ ನಡೆದಿದೆ. ಉಪ್ಪಿನಕಾಯಿ ಭರಣಿಯನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. "ಅಪ್ಪಗ ಬೀಗ ಹಾಕೂ ಹೊತ್ತು ಬಂತೇನು" ಎಂದರು ಇವರು. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ.

ಡಿಸೆಂಬರ್ 4, ಬುಧವಾರ

ಬೆಳಿಗ್ಗೆ ಏದುಸಿರು ಶುರುವಾಯಿತು. ಗೋಡೆ ಹಿಡಿದು ಕೂತವರಿಗೆ ಎರಡು ಮಾತು ಸೇರಿಸಿ ಆಡಲು ಆಗುತ್ತಿರಲಿಲ್ಲ. ಮತ್ತೆ ದಾವಣಗೆರೆ. ಶ್ವಾಸಕೋಶದವರೆಗೂ ನೀರು ಏರಿದೆ, ಒಂದು ದಿನ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು ಡಾಕ್ಟರು. ನೀರಿಳಿಯಲು ಇಂಜೆಕ್ಷನ್ ಕೊಟ್ಟರು.

ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರು ಹಾಸಿಗೆಯ ಹತ್ತಿರ ಬಂದು ನನ್ನನ್ನೇ ಕೇಳಿದರು. "ಉಪ್ಪು ಅಳೆದು ಹಾಕ್ತಿದೀರಾ ಮೇಡಂ? ನಿಮ್ಮ ಕಡೆಯಿಂದ ಏನಾದ್ರೂ ಹೆಚ್ಚುಕಮ್ಮಿ ಆಗಿದ್ಯಾ?"

"ತಕ್ಕಡಿಯಲ್ಲಿ ತೂಗಿದ ಚಮಚ ಸರ್. ಒಂದು ಹರಳೂ ಹೆಚ್ಚಾಗಿಲ್ಲ" ಎಂದೆ.

ಡಾಕ್ಟರು ಬಾಯಿ ತೆರೆಯುವ ಮೊದಲೇ ಮುದುಕ ಕೈ ಎತ್ತಿದ. ಮೂಗಿನ ಆಮ್ಲಜನಕದ ನಳಿಕೆ ಸರಿಸಿಕೊಂಡು ಹೇಳಿದ: "ಆಕೀದೇನೂ ತಪ್ಪಿಲ್ರಿ ಸರ್. ನಾನ ತಿಂದೀನಿ. ಹೊರಗ."

ಇವರ ಮುಖ ನೋಡಬೇಕಿತ್ತು. "ಲಿಂಗ ಮುಟ್ಟಿ ಹೇಳಿದ್ದಿಯಲ್ಲಪ್ಪಾ ನೀ" ಎಂದರು. ಮುದುಕ ಗೋಡೆಯ ಕಡೆ ಹೊರಳಿ ಮಲಗಿದ.

ಅಂತೂ ಒಪ್ಪಿಕೊಂಡ. ನಾನು ಹೇಳಿದ್ದೇ ನಿಜವಾಯಿತು. ಗೆದ್ದಂತೆ ಅನಿಸಬೇಕಿತ್ತು, ಅನಿಸುತ್ತಿಲ್ಲ. ಬಹುಶಃ ದಣಿವು.

ಡಿಸೆಂಬರ್ 5, ಗುರುವಾರ

ಮಾವನ ಜೊತೆ ಇವರು ಆಸ್ಪತ್ರೆಯಲ್ಲಿದ್ದಾರೆ. ನಾನು ಶಾಲೆಗೆ ಹೋಗುವಾಗ ದುರುಗಪ್ಪ ಎದುರಾಗಿ "ಹೆಂಗದಾರ್ರಿ ಅಕ್ಕಾರ ಗುರುಸಂಗಪ್ಪಾರು" ಎಂದು ಕೇಳಿದ. "ಲಿಂಗ ಮುಟ್ಟಿ ಇಲ್ಲ ಅಂದಿದ್ರು, ಡಾಕ್ಟರ ಮುಂದ ಒಪ್ಪಿಕೊಂಡ್ರು. ಹೊರಗ ತಿಂದೀನಿ ಅಂತ" ಎಂದೆ. ಪಕ್ಕದಲ್ಲಿ ನಿಂತಿದ್ದ ಇಬ್ಬರೂ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದ್ದೆ.

"ನನ್ನ ಹತ್ರ ಅಲ್ರಿ" ಎಂದಷ್ಟೇ ಹೇಳಿ ದುರುಗಪ್ಪ ಹೋದ.

ಡಿಸೆಂಬರ್ 6, ಶುಕ್ರವಾರ

ಇದನ್ನು ಹೇಗೆ ಬರೆಯಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂಬತ್ತನೇ ತರಗತಿಗೆ ಸಾಂದ್ರತೆಯ ಪಾಠ. ಅಡುಗೆ ಕೋಣೆಯಿಂದ ಒಂದೊಂದು ಪದಾರ್ಥ ತರಲು ಮಕ್ಕಳಿಗೆ ನಿನ್ನೆಯೇ ಹೇಳಿದ್ದೆ. ದ್ರವ್ಯರಾಶಿ ಎಂದರೇನು ಎಂದು ಕೇಳಿದರೆ ಹಿಂದಿನ ಬೆಂಚಿನಿಂದ "ರಸ್ತೆ ಮ್ಯಾಲೆ ಹಾಕ್ಯಾರಲ್ರಿ ಮೇಡಂ, ಮೆಕ್ಕಿಜೋಳದ ರಾಶಿ" ಎಂದು ಉತ್ತರ ಬಂತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದೇ ಲೋಟವನ್ನು ಒಂದೊಂದರಿಂದ ತುಂಬಿ ತೂಗುತ್ತಾ ಬಂದೆವು. ಮಂಡಕ್ಕಿ ತುಂಬಿದಾಗ ತಕ್ಕಡಿಯ ಅಂಕಿ ಅಲುಗಿತೋ ಇಲ್ಲವೋ ಎಂಬಷ್ಟು. ಜೋಳ ಅದಕ್ಕಿಂತ ಎಷ್ಟೋ ಹೆಚ್ಚು, ಮರಳು ಇನ್ನೂ ಹೆಚ್ಚು. ಎಣ್ಣೆ ನೀರಿಗಿಂತ ಹಗುರ ಎಂದು ಗೊತ್ತಾದಾಗ ಒಬ್ಬಳು ನಂಬಲೇ ಇಲ್ಲ. ಎಣ್ಣೆ ಗಟ್ಟಿ ಇರತೈತಲ್ರಿ ಎಂದು ವಾದಿಸಿದಳು.

ಕೊನೆಗೆ ಎರಡು ಉಪ್ಪು ಉಳಿದವು, ಒಂದು ಹರಳು, ಒಂದು ಪುಡಿ. "ಹರಳಾದರೇನು, ಪುಡಿಯಾದರೇನು, ಎರಡೂ ಉಪ್ಪೇ. ವಸ್ತು ಒಂದೇ ಆದಮೇಲೆ ಅದೇ ಲೋಟಕ್ಕೆ ತೂಕವೂ ಒಂದೇ ಬರಬೇಕು" ಎಂದೆ. ತುಂಬಿ ತೂಗಿದೆವು. ಪುಡಿಯ ಲೋಟ ಹರಳಿನದಕ್ಕಿಂತ ಒಂದೂವರೆ ಪಟ್ಟು ತೂಗಿತು.

"ಮೇಡಂ, ನೀವು ಹೇಳಿದ್ದು ತಪ್ಪಾತಲ್ರಿ" ಎಂದು ಮಕ್ಕಳಿಗೆ ಹಿಗ್ಗು.

ಕಾರಣ ಕಷ್ಟದ್ದೇನಲ್ಲ. ದಪ್ಪ ಹರಳುಗಳ ನಡುವೆ ಗಾಳಿ ಇರುತ್ತದೆ, ಲೋಟ ತುಂಬಿದಂತೆ ಕಂಡರೂ ಉಪ್ಪು ಕಡಿಮೆ. ಪುಡಿ ಸಂದಿಲ್ಲದೆ ಕೂರುತ್ತದೆ, ಅದುಮಿದರೆ ಇನ್ನೂ ಹಿಡಿಯುತ್ತದೆ. ಲೋಟ ಚಿಕ್ಕದಾದಷ್ಟೂ ಈ ವ್ಯತ್ಯಾಸ ಹೆಚ್ಚು, ಒಂದು ಚಮಚ ತೆಗೆದುಕೊಂಡರೆ... ಎನ್ನುತ್ತಿದ್ದವಳಿಗೆ ನಮ್ಮ ಮನೆಯ ಚಮಚ ನೆನಪಾಯಿತು. ಪುಸ್ತಕ ತೆಗೆದು ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ.

ಊಟದ ಬಿಡುವಿನಲ್ಲಿ ಮನೆಗೆ ಓಡಿ ಆ ಚಮಚ, ಆ ಪ್ಯಾಕೆಟ್ ತಂದೆ. ದಿನಾ ಅದುಮುವ ಹಾಗೆಯೇ ಅದುಮಿ, ಸಮ ಮಾಡಿ ತಕ್ಕಡಿಗಿಟ್ಟೆ. ಐದು ಗ್ರಾಂ ದಾಟಿತು.

ಅವರ ಮೈಗೆ ನೀರು ತುಂಬಿದವಳು ನಾನು. ದಿನಾ ಬೆಳಿಗ್ಗೆ, ಅಳತೆ ಮಾಡಿ, ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು. ಅವರು ಹೋಟೆಲಿನಲ್ಲಿ ಏನೂ ತಿಂದಿರಲಿಲ್ಲ. ಲಿಂಗ ಹಿಡಿದು ಹೇಳಿದ್ದು ನಿಜ. ತಕ್ಕಡಿಯೂ ನಿಜವನ್ನೇ ಹೇಳುತ್ತಿತ್ತು, ಸುಳ್ಳಾದವಳು ನಾನೊಬ್ಬಳೇ.

ಆದರೆ ತಿನ್ನದವರು ತಿಂದೆ ಎಂದು ಯಾಕೆ ಒಪ್ಪಿಕೊಂಡರು?

ಡಿಸೆಂಬರ್ 8, ಭಾನುವಾರ

ಮಾವ ಮನೆಗೆ ಬಂದರು. ಅವರ ಬಟ್ಟಲಿಗೆ ಮತ್ತೆ ಹರಳುಪ್ಪು ಹಾಕಿದೆ, ಕರಗಿಸಿ ನೀರು ಮಾಡಿ. ಪುಡಿಯ ಪ್ಯಾಕೆಟ್ಟನ್ನು ಬಚ್ಚಲಿಗೆ ಸುರಿದೆ. ಯಾರಿಗೂ ಏನೂ ಹೇಳಲಿಲ್ಲ. ಅವರು ಇನ್ನೂ ನಿತ್ರಾಣವಾಗಿದ್ದಾರೆ, ಈಗ ಹೇಳಿದರೆ ಎದೆಗೆ ಪೆಟ್ಟಾದೀತು ಎಂದುಕೊಂಡೆ. ಪೆಟ್ಟಾಗುವುದು ಯಾರ ಎದೆಗೆ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ.

ಮೊದಲ ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು. ಏನೋ ಕೇಳುವ ಹಾಗಿತ್ತು, ಕೇಳಲಿಲ್ಲ. ಅರ್ಧ ಉಂಡು ಎದ್ದರು.

ಡಿಸೆಂಬರ್ 12, ಗುರುವಾರ

ತೂಕ ಇಳಿದು ನಿಂತಿದೆ. "ನೀ ಬೀಗ ಹಾಕಿದ್ದು ಚಲೋ ಆತು ನೋಡು" ಎಂದು ಇವರು ಅವರ ಎದುರಿಗೇ ನನ್ನನ್ನು ಹೊಗಳಿದರು. ಅದು ಹಾಗಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಹೇಡಿ ಎಂದರೆ ನಾನೇ.

ಸಂಜೆ ಚಿಗಟೇರಿಯ ಸೋಮಪ್ಪ ಮತ್ತವನ ತಮ್ಮ ಬರಬೇಕಿತ್ತು. ಬೋರಿನ ನೀರಿನ ಪಾಳಿ ಬಗ್ಗೆ ಅಣ್ಣತಮ್ಮ ಮಾತು ಬಿಟ್ಟಿದ್ದಾರೆ, ಮಾವನೇ ಬಗೆಹರಿಸಬೇಕೆಂದು ತಿಂಗಳ ಹಿಂದೆ ಹೇಳಿ ಹೋಗಿದ್ದರು. ಮಾವ ಒಗೆದ ಅಂಗಿ ತೊಟ್ಟು, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಯಾರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕುರ್ಚಿಗಳನ್ನು ತಾವೇ ಮಡಚಿ ಒಳಗಿಟ್ಟರು.

ಇವರು ಅಂಗಡಿಯಿಂದ ಬಂದು ಅಡುಗೆ ಮನೆಯಲ್ಲಿ ಮೆತ್ತಗೆ ಹೇಳಿದರು. ಸೋಮಪ್ಪ ಇವರ ಅಂಗಡಿಗೇ ಪೈಪು ಒಯ್ಯಲು ಬಂದಿದ್ದನಂತೆ. ಮನೆಗೆ ಯಾಕೆ ಹೋಗಲಿಲ್ಲ ಎಂದರೆ, "ಲಿಂಗ ಮುಟ್ಟಿ ಸುಳ್ಳು ಹೇಳಿದೋರು ನಮಗೇನು ನ್ಯಾಯ ಹೇಳ್ತಾರ್ರಿ" ಎಂದನಂತೆ.

ಮಾವನಿಗೆ ಕೇಳಿಸಿರಬೇಕು. ನಮ್ಮ ಮನೆಯ ಗೋಡೆ ಅಷ್ಟು ದಪ್ಪವಿಲ್ಲ.

ಡಿಸೆಂಬರ್ 15, ಭಾನುವಾರ

ಇವತ್ತು ಹೇಳಿಯೇ ಬಿಡುತ್ತೇನೆಂದು ಅಂಗಳದ ಬಿಸಿಲಿನಲ್ಲಿ ಕೂತಿದ್ದ ಅವರ ಹತ್ತಿರ ಹೋಗಿ ಕೂತೆ. ಬಾಯಿ ತೆರೆದರೆ ಬಂದದ್ದು, "ಈ ಸಲ ಚಳಿ ಜಾಸ್ತಿ ಅಲ್ಲೇನ್ರಿ ಮಾವಾ." ಅವರು ಹೂಂ ಎಂದರು. ತಮ್ಮ ಮದುವೆಯ ವರ್ಷ ಹಂಪಸಾಗರದಲ್ಲಿ ಹೊಳೆಯ ಮೇಲಿಂದ ಬರುತ್ತಿದ್ದ ಚಳಿಯ ಸುದ್ದಿ ತೆಗೆದರು. ಅತ್ತೆಯ ತವರು ಅದು. ಅತ್ತೆ ರೊಟ್ಟಿಗೆ ಬೆಣ್ಣೆ ಹಚ್ಚಿ ಅದರ ಮೇಲೆ ನಾಲ್ಕು ಹರಳುಪ್ಪು ಉದುರಿಸಿ ಕೊಡುತ್ತಿದ್ದರಂತೆ. ಬೆರಳಿನಿಂದ ಉಪ್ಪು ಉದುರಿಸುವ ಹಾಗೆ ಮಾಡಿ ತೋರಿಸಿದರು. ನಾನು ಕೇಳುತ್ತಾ ಕೂತೆ, ಬಟ್ಟೆ ಒಗೆಯುವುದು ಉಳಿದೇ ಹೋಯಿತು. ಹೇಳಬೇಕಾದದ್ದೂ ಉಳಿಯಿತು.

ಡಿಸೆಂಬರ್ 18, ಬುಧವಾರ

ಇವರಿಗೆ ಹೇಳಿದೆ. ಬೈಯಲಿ ಎಂದುಕೊಂಡೇ ಹೇಳಿದೆ. ಇವರು, "ನೀ ಬೇಕಂತ ಮಾಡೀದೇನು? ಅಪ್ಪ ಈಗ ಆರಾಮ ಅದಾನ. ಸುಮ್ನ ಯಾಕ ಕೆದರ್ತಿ, ಬಿಡು" ಎಂದರು. ಬಿಡು ಎಂದರೆ ಎಷ್ಟು ಹಿತ. ಆ ಹಿತ ಅರ್ಧ ಗಂಟೆಯೂ ಉಳಿಯಲಿಲ್ಲ.

ಅವರು ಆರಾಮವಾಗಿಲ್ಲ. ಇವತ್ತು ಬಾಗಿಲಲ್ಲಿ ಹಾಲಿನವ "ಹೊರಗ ಬರಂಗಿಲ್ಲೇನ್ರಿ ಯಜಮಾನ್ರ" ಎಂದು ಕೇಳಿದಾಗ ಅವರು ಕೇಳಿಸದವರಂತೆ ಒಳಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಡಿಸೆಂಬರ್ 22, ಭಾನುವಾರ

ದುರುಗಪ್ಪನ ಹೋಟೆಲಿಗೆ ಹೋದೆ. ಅವತ್ತು ಇದ್ದವರಲ್ಲಿ ಬಹಳ ಮಂದಿ ಇವತ್ತೂ ಇದ್ದರು, ಒಳ್ಳೆಯದಾಯಿತು. ತರಗತಿಯಲ್ಲಿ ಮಾತಾಡುವ ದನಿಯನ್ನೇ ತಂದುಕೊಂಡು ಹೇಳಿದೆ.

"ನಮ್ಮ ಮಾವ ಇಲ್ಲಿ ಏನೂ ತಿಂದಿಲ್ರಿ. ದುರುಗಪ್ಪಾರು ಕೊಟ್ಟೂ ಇಲ್ಲ. ಉಪ್ಪು ಹೆಚ್ಚಿಗಿ ಹಾಕಿದಾಕಿ ನಾನು. ಹರಳುಪ್ಪಿನ ಚಮಚದಾಗ ಪುಡಿ ಉಪ್ಪು ಅಳದೆ. ಅವರು ಲಿಂಗ ಮುಟ್ಟಿ ಹೇಳಿದ್ದು ಖರೇ."

ಯಾರೂ ನಗಲಿಲ್ಲ. ಒಬ್ಬ ಚಹಾದ ಕಪ್ಪನ್ನು ಕೈಯಲ್ಲೇ ಹಿಡಿದು ಕೂತ. "ಹಂಗಾರ ಡಾಕ್ಟರ ಮುಂದ ಯಾಕ ತಿಂದೀನಿ ಅಂದ್ರು?" ಎಂದು ಇನ್ನೊಬ್ಬ ಕೇಳಿದ. ಗೊತ್ತಿಲ್ಲ ಎಂದೆ.

ದುರುಗಪ್ಪ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ. "ಇದನ್ನ ಅವರಿಗಿ ಹೇಳೀರೇನ್ರಿ ಅಕ್ಕಾರ?"

ಇಲ್ಲ ಎಂದೆ.

"ಮದಲು ಅಲ್ಲಿ ಹೇಳಬೇಕಿತ್ತಲ್ರಿ" ಎಂದ. ಸಿಟ್ಟಿನಿಂದ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ನಾಟಿತು. ಊರ ಮುಂದೆ ಧೈರ್ಯ ಮಾಡಿದವಳು ಒಬ್ಬ ಮುದಿ ಜೀವದ ಮುಂದೆ ನಿಲ್ಲಲಾರದೆ ಹೋದೆ. ಮನೆಗೆ ಬಂದಾಗ ಅವರು ಮಲಗಿದ್ದರು.

ಡಿಸೆಂಬರ್ 23, ಸೋಮವಾರ

ಸಂಜೆ ರೊಟ್ಟಿ, ಬದನೆಕಾಯಿ ಪಲ್ಯ, ಸಾರು ಬಡಿಸಿ ಎದುರಿಗೆ ಕೂತೆ. ಇವರು ಅಂಗಡಿಯಿಂದ ಬಂದಿರಲಿಲ್ಲ.

"ಮಾವಾ, ನಿಮ್ಮ ಮೈಯಾಗ ನೀರು ತುಂಬಿದ್ದು ನನ್ನಿಂದರಿ."

ಚಮಚ, ಹರಳು, ಪುಡಿ, ತರಗತಿಯಲ್ಲಿ ತೂಗಿದ್ದು, ಬಚ್ಚಲಿಗೆ ಸುರಿದದ್ದು, ಇವರು ಹೊಗಳಿದಾಗ ಸುಮ್ಮನಿದ್ದದ್ದು, ನಿನ್ನೆ ಹೋಟೆಲಿನಲ್ಲಿ ಹೇಳಿದ್ದು, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಸಾರು ಉಪ್ಪಾಗಿದ್ದು ನನಗ ಗೊತ್ತಿತ್ತು" ಎಂದರು.

"ಮತ್ತ ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲಿ ಯವ್ವಾ. ತಕ್ಕಡಿ ಹಿಡಿದು ಅಳಿಯಾಕಿ ನೀನು. ನಿನ್ನ ಕೈ ತಪ್ಪತೈತಿ ಅಂತ ನನಗ ಹೆಂಗ ಹೊಳಿಬೇಕು? ಈ ಮುದುಕ ಸಪ್ಪಂದು ಉಣ್ಣಲಾರದ ಒದ್ದಾಡತಾನ, ಪಾಪ ಅಂತ ಗಂಡಗೂ ತಿಳೀದಂಗ ಒಂದೀಟು ಹೆಚ್ಚಿಗಿ ಹಾಕಾಕ ಹತ್ಯಾಳ ಅಂದ್ಕೊಂಡೆ. ಕೊಟ್ರಬಸಮ್ಮ ಹೋದ ಮ್ಯಾಲೆ ನನ್ನ ಬಾಯಿರುಚಿ ಯಾರು ನೋಡ್ಯಾರ? ಹೇಳಿದ್ರ ನೀ ನಿಲ್ಲಿಸಿಬಿಡ್ತಿದ್ದಿ."

"ನಾನ ಹಾಕಿ, ನಾನ ಹೋಟ್ಲಿಗಿ ಹೋಗಿ ನಿಮ್ಮನ್ನ ಬೈದೆ ಅಂದ್ಕೊಂಡ್ರೇನು?"

"ತೂಕ ಏರಿದ್ದು ನೋಡಿ ಅಂಜಿ, ತನ್ನ ಮ್ಯಾಲೆ ಬರಬಾರದು ಅಂತ ಅಂದಿರಬೇಕು ಅನಿಸ್ತು. ಅಂಜಿದೋರು ಏನರ ಅಂತಾರ. ಡಾಕ್ಟರು ನಿನ್ನನ್ನ ಕೇಳಿದಾಗ ನಿನ್ನ ಮಾರಿ ನೋಡಾಕ ಆಗಲಿಲ್ಲ ನನಗ. ನನಗ ಕರುಣಾ ತೋರಿಸಿದಾಕಿನ ಹೆಂಗ ಹಿಡಿದು ಕೊಡ್ಲಿ."

ನನಗೆ ಅಳು ಬಂತು. ಅವರು ಸಾರಿನಲ್ಲಿ ಬೆರಳಾಡಿಸುತ್ತಾ, ತಲೆ ಎತ್ತದೆ ಕೇಳಿದರು.

"ಹಂಗಾರ ಅದು ನನಗಂತ ಹಾಕಿದ್ದಲ್ಲ?"

ಹೌದು, ನಿಮಗೆಂದೇ ಹಾಕಿದ್ದು ಎನ್ನಬಹುದಿತ್ತು. ನನಗಾಗಿ ಅವರು ಕೊಟ್ಟದ್ದರ ಮುಂದೆ ಆ ಒಂದು ಸುಳ್ಳು ಏನೇನೂ ಅಲ್ಲ. ನಾಲಿಗೆಯ ತುದಿಗೂ ಬಂದಿತ್ತು.

"ಅಲ್ರಿ ಅಪ್ಪಾ" ಎಂದೆ. "ಅದು ತಪ್ಪಿ ಬಿದ್ದದ್ದು."

ಅವರು ತಲೆಯಾಡಿಸಿದರು. ಒಂದು ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. "ತಪ್ಪಿ ಬಿದ್ದದ್ದು" ಎಂದು ತಮಗೆ ತಾವೇ ಹೇಳಿಕೊಂಡರು. ಊಟ ಮುಗಿಯುವವರೆಗೂ ನನ್ನ ಮುಖ ನೋಡಲಿಲ್ಲ.